ಬೇಡ ದೇವರೇ

ಓಲ್ಡ್ ಏರ್‌ಪೋರ್ಟ್, ದೋಹಾ
ಅಕ್ಟೋಬರ್ 17

ಪ್ರೀತಿಯ ಜೂಲಿಯೆಟಕ್ಕ,

ನಿನ್ನ ಮಠದೊಳಗೆ ಫೋನ್ ಇಲ್ಲ ಎಂದು ಇಷ್ಟು ವರ್ಷ ಗೊಣಗುತ್ತಿದ್ದೆ. ಇವತ್ತು ಅದಕ್ಕಾಗಿ ದೇವರಿಗೆ ಸ್ತೋತ್ರ ಹೇಳಿದೆ. ಫೋನಿನಲ್ಲಾದರೆ ನಾನು ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಪಿಸುಗುಟ್ಟಬೇಕಿತ್ತು. ನಮ್ಮ ಫ್ಲ್ಯಾಟಿನ ಗೋಡೆ ಅಷ್ಟು ತೆಳು. ನಿಮ್ಮ ಮದರ್ ಪತ್ರ ಒಡೆದು ಓದುವವರಾದರೆ ಓದಲಿ. ಅವರಿಗೂ ಆಗಾಗ ಒಂದು ಕಥೆ ಬೇಕಲ್ಲ.

ನನಗೆ ಹೊಟ್ಟೆಕಿಚ್ಚು, ಅಕ್ಕ. ಊಟ ಸೇರದಷ್ಟು ಹೊಟ್ಟೆಕಿಚ್ಚು.

ಮದುವೆಯಾದ ಮೇಲೆ ಆಲ್ಬರ್ಟ್ ಬರೆದ ಒಂದೊಂದು ಸ್ತುತಿಗೀತೆಗೂ ರಾಗ ಹಾಕಿದವಳು ನಾನು. ಶಾಲೆಯಲ್ಲಿ ದಿನವಿಡೀ ಮಕ್ಕಳಿಗೆ ಕನ್ನಡ ತಿದ್ದಿಸಿ ಸುಸ್ತಾಗಿ ಬಂದು, ಅಡುಗೆಮನೆಯ ಬಾಗಿಲಿಗೆ ಒರಗಿ, "ವೆರೋ, ಇದೊಂದು ಕೇಳು ಮಾರಾಯ್ತಿ" ಎನ್ನುತ್ತಿದ್ದರು. ನಾನು ಬಂಗುಡೆ ಕೊಯ್ಯುತ್ತಲೇ ಗುನುಗುತ್ತಿದ್ದೆ. ನಾಲ್ಕು ಸಲ ಗುನುಗಿದರೆ ರಾಗ ಕೂತುಬಿಡುತ್ತಿತ್ತು. ಕೈ ತೊಳೆದು ಕೀಬೋರ್ಡಿನ ಮುಂದೆ ಕೂತರೆ ಖಲಾಸ್, ಹಾಡು ಸಿದ್ಧ. ಇಲ್ಲಿಯ ಚರ್ಚಿನ ನಮ್ಮ ಕನ್ನಡ ಬಳಗ ಹಾಡುವುದರಲ್ಲಿ ಅರ್ಧ ನಮ್ಮಿಬ್ಬರದ್ದೇ.

ಬಳಗಕ್ಕೆ ಬರುವ ಮೇ ತಿಂಗಳಿಗೆ ಇಪ್ಪತ್ತೈದು ವರ್ಷ ತುಂಬುತ್ತದೆ. ಅದಕ್ಕೊಂದು ಹೊಸ ಹಾಡು ಬೇಕು. ಆಲ್ಬರ್ಟ್ ಬರೆದರು. ಬರೆದು ನನಗೆ ಕೊಡಲಿಲ್ಲ. ಒಬ್ಬಳು ಬ್ರಿಟಿಷ್ ಟೀಚರಿಗೆ ಕೊಟ್ಟರು! ಬ್ರಿಟಿಷ್ ಎನ್ನಬಾರದಂತೆ, ವೆಲ್ಶ್ ಎನ್ನಬೇಕಂತೆ, ನನ್ನನ್ನೇ ತಿದ್ದಿದರು. ವೇಲ್ಸ್ ಎಂಬ ಸಣ್ಣ ದೇಶದವಳು. ನಮ್ಮ ಅಭ್ಯಾಸದ ಕೋಣೆಯ ಪಕ್ಕದಲ್ಲೇ ಶುಕ್ರವಾರ ಅವರ ಗುಂಪು ಹಾಡುತ್ತದೆ. ಕಾರಿಡಾರಿನಲ್ಲಿ ಆಲ್ಬರ್ಟ್ ಬೆರಳು ಮಡಚುತ್ತಾ ಪದ್ಯದ ಮಾತ್ರೆ ಎಣಿಸುತ್ತಿದ್ದರಂತೆ. ಆಕೆ ನಿಂತು ನೋಡಿ, "ನೀವೂ ಎಣಿಸುತ್ತೀರಾ?" ಎಂದಳಂತೆ. ಅಷ್ಟೇ. ಇಬ್ಬರೂ ಮೇಷ್ಟ್ರು, ಇಬ್ಬರೂ ಕವಿ, ಇಬ್ಬರೂ ದೇವರಿಗೆ ಹಾಡು ಬರೆಯುವವರು. ನಾನು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವಳು.

ಆಕೆಯ ಹೆಸರು ಎಲಿನೆಡ್. ಇಂಗ್ಲಿಷಿನಲ್ಲಿ ಬರೆದಿರುವಂತೆ ಓದಿದರೆ ಎಲುನೆಡ್ ಆಗುತ್ತದೆ, ಹಾಗೆ ಹೇಳಬಾರದು ಎಂದು ಆಲ್ಬರ್ಟ್ ಮಗಳು ಜಾನಿಸ್‌ಗೂ ಪಾಠ ಮಾಡಿದ್ದಾರೆ. ವೆರೋನಿಕಾ ಎಂಬ ನನ್ನ ಹೆಸರಿನಲ್ಲಿ ಅರ್ಧ ನುಂಗಿ ವೆರೋ ಎನ್ನುವ ಮನುಷ್ಯ ಆಕೆಯ ಹೆಸರಿಗೆ ನಾಲಿಗೆ ಹೊರಳಿಸುವುದನ್ನು ಕಲಿತಿದ್ದಾರೆ. ನೀಲಿ ಕಣ್ಣು. ಬಿಳಿ ಕೂದಲು, ಬಣ್ಣ ಹಾಕುವುದಿಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದು ನಾನು.

ಹೊಟ್ಟೆ ಉರಿಯುತ್ತಿರುವ ನಿನ್ನ ತಂಗಿ,
ವೆರೋನಿಕಾ


ಕಾರ್ಮೆಲ್ ಮಠ, ಮಂಗಳೂರು
ನವೆಂಬರ್ 9

ಪ್ರೀತಿಯ ವೆರೋನಿಕಾ (ಪೂರ್ತಿ ಹೆಸರು ಬರೆದಿದ್ದೇನೆ, ನೋಡಿಕೋ),

ನಿನ್ನ ಪತ್ರ ಬಂದಾಗ ನಾನು ಪೂಜೆಯಲ್ಲಿ ಹಂಚುವ ಓಸ್ತಿ ರೊಟ್ಟಿ ಕತ್ತರಿಸುತ್ತಿದ್ದೆ. ಓದುತ್ತಾ ನಕ್ಕು ಒಂದು ಹಾಳೆ ಓಸ್ತಿ ಒಡೆದುಹೋಯಿತು. ಮದರ್ ಬೈದರು. ಅವರು ನಿನ್ನ ಪತ್ರ ಓದಿಲ್ಲ, ಹೆದರಬೇಡ. ಆದರೆ ನಕ್ಕದ್ದು ಯಾಕೆಂದು ಹೇಳಿದಾಗ, ವೇಲ್ಸ್ ಎಂದರೆ ತಿಮಿಂಗಿಲವಲ್ಲವೇ, ಊರಿಗೂ ಅದೇ ಹೆಸರೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಬಿಳಿ ಕೂದಲಿನ ಹೆಂಗಸಿನ ಮೇಲೆ ನಿನಗೆಂಥ ಹೊಟ್ಟೆಕಿಚ್ಚು ಎಂದು ಕೇಳುವವಳಿದ್ದೆ. ಎರಡನೇ ಸಲ ಓದಿದಾಗ ಗೊತ್ತಾಯಿತು. ಆಲ್ಬರ್ಟ್ ಆಕೆಯ ಜೊತೆ ಓಡಿಹೋಗುತ್ತಾರೆ ಎಂಬ ಹೆದರಿಕೆ ನಿನಗಿಲ್ಲ. ಅವರು ಆಕೆಗೆ ಮೊದಲು ಓದಿ ಹೇಳಿದ್ದಾರೆ, ನಿನಗೆ ಉರಿಯುತ್ತಿರುವುದು ಅದು. ಅದಕ್ಕೆ ಮದ್ದು ನನ್ನಲ್ಲಿಲ್ಲ.

ಆದರೆ ಒಂದು ಕೇಳುತ್ತೇನೆ. ಪತ್ರದಲ್ಲಿ ಆಕೆಯ ಕಣ್ಣಿನ ಬಣ್ಣ ಇದೆ, ನಿನ್ನ ಗಂಡ ಬರೆದ ಹಾಡಿನ ಒಂದು ಸಾಲೂ ಇಲ್ಲ. ಸಾಲು ಕಳಿಸು. ಆಗಮನ ಕಾಲದಲ್ಲಿ ನಮಗೆ ಪತ್ರ ಬರೆಯಲು ಇಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಬರೆಯುತ್ತೇನೆ.

ಪ್ರಾರ್ಥನೆಯಲ್ಲಿ ನೀನಿದ್ದೀ, ಆ ತಿಮಿಂಗಿಲದ ಊರಿನವಳೂ ಇದ್ದಾಳೆ. ಸಿಟ್ಟಾಗಬೇಡ.

ನಿನ್ನ ಅಕ್ಕ,
ಜೂಲಿಯೆಟ್


ಓಲ್ಡ್ ಏರ್‌ಪೋರ್ಟ್, ದೋಹಾ
ಜನವರಿ 9

ಅಕ್ಕ,

ಆಕೆಗೆ ಪ್ರಾರ್ಥನೆ ಮಾಡಬೇಡ. ಆಕೆಗೆ ಬೇಕಾದಷ್ಟು ಸಿಕ್ಕಿದೆ.

ಕ್ರಿಸ್‌ಮಸ್‌ಗೆ ಮನೆಗೆ ಬಂದಿದ್ದಳು. ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆಯಲ್ಲಿ ಕರಿದ ಸಿಹಿ ಕಿಡಿಯೊ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಕಿಡಿಯೊ ಮಾತ್ರ ಪೂರ್ತಿ ಖಾಲಿ ಮಾಡಿದಳು. ತಾನೇ ಮಾಡಿದ ಕೇಕು ತಂದಿದ್ದಳು. "ಬೇಡ ಬೇಡ, ನಮ್ಮಲ್ಲೇ ಬೇಕಾದಷ್ಟುಂಟು" ಎಂದು ನಾನು ಅದನ್ನು ಫ್ರಿಜ್ಜಿನ ಹಿಂದೆ ಇಟ್ಟೆ.

ಆಕೆಯ ಮೇಲೆ ಪರೀಕ್ಷೆ ಇಟ್ಟರೆ ನಾನು ಪಾಸಾಗುತ್ತೇನೆ. ಹೊಟ್ಟೆಕಿಚ್ಚಿನವರಷ್ಟು ಕಿವಿಗೊಟ್ಟು ಕೇಳುವವರು ಯಾರೂ ಇಲ್ಲ. ಆಕೆ ಹುಟ್ಟಿದ ಹಳ್ಳಿಯಲ್ಲಿ ಕಪ್ಪು ಕಲ್ಲಿನ ಗಣಿ. ನಮ್ಮಲ್ಲಿ ಮನೆಗೆ ಹಂಚು ಹೊದಿಸುವಂತೆ ಅವರು ಆ ಕಲ್ಲನ್ನೇ ಸೀಳಿ ಹೊದಿಸುತ್ತಾರೆ. ಅಪ್ಪ ಗಣಿಯಲ್ಲಿ ಕೆಲಸ, ಭಾನುವಾರ ಚರ್ಚಿನಲ್ಲಿ ಹಾಡಿಸುವವನು. ಈಕೆ ಅದೇ ಹಳ್ಳಿಯ ಶಾಲೆಯಲ್ಲಿ ಟೀಚರಾದಳು. ಶಾಲೆ ಬಿಟ್ಟು ಹೋಗುವ ಒಂದೊಂದು ಮಗುವಿಗೂ ಅದರ ಹೆಸರು ಸೇರಿಸಿ ನಾಲ್ಕು ಸಾಲಿನ ಪದ್ಯ ಕಟ್ಟಿಕೊಡುತ್ತಿದ್ದಳಂತೆ. ಆಕೆಯ ಸ್ತುತಿಗೀತೆಗಳನ್ನು ಅಲ್ಲಿ ಈಗಲೂ ಸಾವಿನ ಮನೆಯಲ್ಲಿ ಹಾಡುತ್ತಾರೆ. ಆಮೇಲೆ ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಚರ್ಚನ್ನು ಯಾರೋ ಕೊಂಡು ಮನೆ ಮಾಡಿಕೊಂಡರು. ಗಂಡ ತೀರಿಕೊಂಡ. ಆಕೆ ಇಲ್ಲಿಗೆ ಬಂದು ಇಂಗ್ಲಿಷ್ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಕಲಿಸುತ್ತಿದ್ದಾಳೆ. ಲಂಡನ್ನಿನಲ್ಲಿರುವ ಮೊಮ್ಮಕ್ಕಳಿಗೆ ಅಜ್ಜಿಯ ಭಾಷೆ ಬರುವುದಿಲ್ಲ.

ಅದನ್ನು ಆಕೆ ಹೇಳುವಾಗ ಆಲ್ಬರ್ಟ್ ನಮ್ಮ ಜಾನಿಸ್‌ಳನ್ನು ನೋಡಿದರು. ಜಾನಿಸ್ ಮೊಬೈಲ್ ನೋಡುತ್ತಿದ್ದಳು. ನನಗೆ ಒಂದು ಗಳಿಗೆ ಆಕೆಯ ಮೇಲೆ ಕನಿಕರ ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಸಾಲು ಕೇಳಿದೆಯಲ್ಲ. ಪಲ್ಲವಿ ಇದು:

ಕತ್ತಲ ದಾರಿಯಲಿ ಕೈ ಬಿಡಬೇಡ ದೇವರೇ.

ಚೆನ್ನಾಗಿದೆ. ಒಪ್ಪುತ್ತೇನೆ. ನಾನೂ ಗುಟ್ಟಾಗಿ ಅದಕ್ಕೊಂದು ರಾಗ ಕೂಡಿಸಿ ಮೊನ್ನೆ ಹಾಡಿ ತೋರಿಸಿದೆ. ಆಲ್ಬರ್ಟ್ ಚಹಾ ಕುಡಿಯುತ್ತಾ ಕೇಳಿ, "ಲಾಯಕ್ಕುಂಟು ವೆರೋ. ಆದ್ರೆ ನಮ್ಮ ಹಳೆ ಹಾಡಿನ ಹಾಗೇ ಕೇಳ್ತದೆ ಅಲ್ವಾ?" ಎಂದರು. ಆಮೇಲೆ ಆಕೆಯ ರಾಗವನ್ನು ಫೋನಿನಲ್ಲಿ ಹಾಕಿ ಕಣ್ಣು ಮುಚ್ಚಿ ಕೂತರು.

ನಮ್ಮ ಹಳೆಯ ಹಾಡುಗಳಂತೆ ಅಲ್ಲದೆ ಇನ್ನು ಹೇಗೆ ಕೇಳಬೇಕು, ಅಕ್ಕ? ನಾನೇ ಅಲ್ಲವೇ ಹಾಕಿದ್ದು?

ವೆರೋನಿಕಾ


ಕಾರ್ಮೆಲ್ ಮಠ, ಮಂಗಳೂರು
ಜನವರಿ 30

ವೆರೋನಿಕಾ,

ಅಳಬೇಡ. ಪತ್ರದ ಕೊನೆಯಲ್ಲಿ ಶಾಯಿ ಹರಡಿತ್ತು, ಅದು ಬೆವರು ಎಂದು ಹೇಳಬೇಡ, ಜನವರಿಯಲ್ಲಿ ದೋಹಾ ತಣ್ಣಗಿರುತ್ತದೆ ಎಂದು ನೀನೇ ಬರೆದಿದ್ದೆ.

ದೂರದ ಬೆಟ್ಟ ನುಣ್ಣಗೆ. ಆಲ್ಬರ್ಟ್ ಅವರಿಗೆ ಆ ಬೆಟ್ಟ ಈಗ ಕಾಣಿಸಿದೆ, ಸ್ವಲ್ಪ ದಿನ ನೋಡುತ್ತಾರೆ. ಆದರೆ ಅವರು ಅಂದದ್ದು ತಪ್ಪು. ಹೆಂಡತಿಗೆ ಹಾಗೆ ಹೇಳಬಾರದಿತ್ತು. ಆಗಲೇ ತಟ್ಟೆ ಎತ್ತಿ ಹಾಕಿ ಜಗಳ ಮಾಡಬೇಕಿತ್ತು ನೀನು. ಮಾಡಿರಲಿಕ್ಕಿಲ್ಲ. ಸಣ್ಣವಳಿದ್ದಾಗಲೂ ಅಷ್ಟೇ, ನೀನು ಕಿರುಚಿದರೆ ಅಮ್ಮ ನೆಮ್ಮದಿಯಾಗಿರುತ್ತಿದ್ದಳು. ನೀನು ಸುಮ್ಮನಾದರೆ ಎದ್ದು ಬಂದು, ಏನು ಮಾಡುತ್ತಿದ್ದೀ ಎಂದು ನೋಡುತ್ತಿದ್ದಳು.

ತಪಸ್ಸುಕಾಲ ಬರುತ್ತಿದೆ. ಆಗ ಬಂದ ಪತ್ರಗಳನ್ನು ಮದರ್ ತೆಗೆದಿಟ್ಟು ಈಸ್ಟರ್ ದಿನವೇ ಕೊಡುವುದು. ನೀನು ಬರೆಯುವುದಾದರೆ ಬರೆ, ನನ್ನ ಉತ್ತರಕ್ಕೆ ಕಾಯಬೇಡ. ಸುಮ್ಮನಂತೂ ಇರಬೇಡ.

ಅಕ್ಕ,
ಜೂಲಿಯೆಟ್


ಓಲ್ಡ್ ಏರ್‌ಪೋರ್ಟ್, ದೋಹಾ
ಮಾರ್ಚ್ 6

ಅಕ್ಕ,

ನೀನು ಇದನ್ನು ಓದುವಾಗ ಈಸ್ಟರ್ ಆಗಿರುತ್ತದೆ, ನನ್ನನ್ನು ತಡೆಯಲು ಹೊತ್ತು ಮೀರಿರುತ್ತದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹಾಡಿನಲ್ಲಿ ಒಂದು ತಪ್ಪಿದೆ. ನನಗೊಬ್ಬಳಿಗೆ ಮಾತ್ರ ಕೇಳಿಸಿದೆ.

ಆಕೆಯ ರಾಗದಲ್ಲಿ ಪಲ್ಲವಿಯ ಮಧ್ಯೆ ಒಂದು ದೊಡ್ಡ ಉಸಿರು ಬರುತ್ತದೆ. ಅವರ ಊರಿನಲ್ಲಿ ಅಲ್ಲಿ ಎಲ್ಲರೂ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ಆಮೇಲೆ ಜೋರಾಗಿ ಎತ್ತುತ್ತಾರಂತೆ. ಆ ಉಸಿರು 'ಬಿಡಬೇಡ' ಎಂಬ ಪದದ ಹೊಟ್ಟೆಯಲ್ಲೇ ಬೀಳುತ್ತದೆ. "ಕತ್ತಲ ದಾರಿಯಲಿ ಕೈ ಬಿಡ" ಎಂದು ಮೆತ್ತಗೆ ಹಾಡಿ ನಿಲ್ಲುತ್ತಾರೆ. ಉಸಿರು. ಆಮೇಲೆ ಗಂಡಸರು ಹೆಂಗಸರು ಎಲ್ಲ ಸೇರಿ ಛಾವಣಿ ಹಾರುವಂತೆ, "ಬೇಡ ದೇವರೇ!" ಸಾಲದ್ದಕ್ಕೆ ಅದನ್ನೇ ಮತ್ತೊಮ್ಮೆ: "ಬೇಡ ದೇವರೇ! ಬೇಡ ದೇವರೇ!"

ಮೊದಲ ಸಲ ಕೇಳಿಸಿದಾಗ ನಾನು ಕೀಬೋರ್ಡಿನ ಮೇಲೆ ಬಗ್ಗಿ ಕೆಮ್ಮಿದ ಹಾಗೆ ಮಾಡಿದೆ. ಹಾಡುವವರಿಗೆ ಗೊತ್ತಾಗುತ್ತಿಲ್ಲ. ಮಕ್ಕಳಿಗೆ ಕನ್ನಡ ಓದಲು ಬಾರದೆಂದು ಜಾನಿಸ್ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಟ್ಟಿದ್ದಾಳೆ. ಅವಳು 'ಕೈ ಬಿಡ' ಒಂದು ಸಾಲಿನಲ್ಲಿ, 'ಬೇಡ ದೇವರೇ' ಮುಂದಿನ ಸಾಲಿನಲ್ಲಿ ಹಾಕಿದ್ದಾಳೆ. ದೊಡ್ಡವರು ಕೊಂಕಣಿಯವರು, ಸ್ವರ ತಪ್ಪದಿದ್ದರೆ ಸಾಕು ಅವರಿಗೆ. ಆಲ್ಬರ್ಟ್‌ಗೆ ತಾವು ಬರೆದದ್ದೇ ಕೇಳಿಸುತ್ತದೆ, ಬಳಗ ಹಾಡಿದ್ದು ಕೇಳಿಸುವುದಿಲ್ಲ.

ಮೇ ತಿಂಗಳಲ್ಲಿ ಕೇಳಲು ಬರುವವರಿಗೆ ಕೇಳಿಸುತ್ತದೆ. ಕನ್ನಡ ಸಂಘದವರು ಬರುತ್ತಾರೆ, ಬೆಂಗಳೂರಿನಿಂದ ಬಿಷಪರು ಬರುತ್ತಾರೆ. ಕನ್ನಡ ಮೇಷ್ಟ್ರು ಬರೆದ ಹಾಡಿನಲ್ಲಿ ಇಡೀ ಬಳಗ ದೇವರನ್ನು ಬಾಗಿಲಿನಿಂದಲೇ ಕಳಿಸಿಬಿಡುತ್ತದೆ.

ನಾನು ಹೇಳುವುದಿಲ್ಲ. ಹಳೆಯ ಹಾಡಿನಂತೆ ಕೇಳುವ ನನ್ನ ರಾಗದಲ್ಲಿ ಒಂದು ಪದವನ್ನಾದರೂ ಮುರಿದಿದ್ದೇನೆಯೇ? ಜನ ನಗಲಿ. ಆಗ ಆಲ್ಬರ್ಟ್‌ಗೆ ಅಡುಗೆಮನೆಯ ಬಾಗಿಲು ನೆನಪಾಗುತ್ತದೆ. ಇದನ್ನು ಯೋಚಿಸಿದರೆ ನನಗೆ ಖುಷಿಯಾಗುತ್ತದೆ, ಅಕ್ಕ. ತಪಸ್ಸುಕಾಲದಲ್ಲಿ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಸುಮ್ಮನಿರುವ ನಿನ್ನ ತಂಗಿ,
ವೆರೋನಿಕಾ


ಓಲ್ಡ್ ಏರ್‌ಪೋರ್ಟ್, ದೋಹಾ
ಮಾರ್ಚ್ 27

ಅಕ್ಕ,

ಹಿಂದಿನ ಪತ್ರವನ್ನು ಮದರ್ ಕೈಯಿಂದ ವಾಪಸು ತೆಗೆದುಕೊಳ್ಳಲು ಸಾಧ್ಯವಿದ್ದರೆ ವಿಮಾನ ಹತ್ತಿ ಬರುತ್ತಿದ್ದೆ. ಇರಲಿ, ಎರಡನ್ನೂ ಓದು.

ಅಭ್ಯಾಸ ನಮ್ಮ ಮನೆಯಲ್ಲೇ ಇತ್ತು. ಎಲ್ಲರೂ ಹೊರಟ ಮೇಲೆ ಎಲಿನೆಡ್ ಕಪ್ಪುಗಳನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಆಲ್ಬರ್ಟ್ ಕೆಳಗೆ ಜನರನ್ನು ಕಾರು ಹತ್ತಿಸುತ್ತಿದ್ದರು. ನಾನು ತೊಳೆಯುತ್ತೇನೆ ಎಂದಳು. ನಾನು, "ಬೇಡ ಬೇಡ" ಎಂದೆ.

ಆಕೆ ಕಪ್ಪು ಕೆಳಗಿಟ್ಟು ಕೇಳಿದಳು: "ವೆರೋನಿಕಾ, ಬೇಡ ಅಂದರೆ 'ಸಾಕು, ಬರಬೇಡ' ಅಂತ ಅಲ್ಲವೇ? ನಿಮ್ಮ ಭಾಷೆಯಲ್ಲಿ ನನಗೆ ಬರುವುದು ಅದೊಂದೇ ಪದ. ನಾನು ಕೇಕು ತಂದರೆ ಬೇಡ, ಕಾರಿನಲ್ಲಿ ಬಿಡುತ್ತೇನೆ ಅಂದರೆ ಬೇಡ. ಮತ್ತೆ ಈ ಹಾಡು ದೇವರಿಗೆ ಅದನ್ನೇ ಯಾಕೆ ಹೇಳುತ್ತದೆ?"

ನನ್ನ ಕಿವಿ ಬಿಸಿಯಾಯಿತು. ಹಾಡುವವರಲ್ಲಿ ಒಬ್ಬರಿಗೂ ಹೊಳೆಯದ್ದು ಆಕೆಗೆ ಹೊಳೆದಿದೆ, ಅದೂ ನಾನು ಮುಖಕ್ಕೆ ಹೊಡೆದಂತೆ ಹೇಳಿ ಹೇಳಿ ಕಲಿಸಿದ ಪದದಿಂದ.

"ಅದು ಬೇರೆ ಬೇಡ" ಎಂದೆ. ಹೌದು, ಸುಳ್ಳೇ ಹೇಳಿದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಒಂದು ಸಂಗತಿ ಹೇಳಿದಳು. ತನ್ನ ಮೊದಲ ಸ್ತುತಿಗೀತೆಯಲ್ಲೂ ಹೀಗೇ ಒಂದು ಪದ ಉಸಿರಿಗೆ ಸಿಕ್ಕಿ ಎರಡಾಗಿತ್ತಂತೆ. ಅರ್ಧ ಪದಕ್ಕೆ ಹಂದಿ ಎಂದು ಅರ್ಥ. ವರ್ಷಗಟ್ಟಲೆ ಹಳ್ಳಿಯವರೆಲ್ಲ ಅದನ್ನು ಹಾಡಿ ಮನೆಗೆ ಹೋಗಿ ನಗುತ್ತಿದ್ದರಂತೆ. "ಎಲ್ಲರಿಗೂ ಗೊತ್ತಿತ್ತು. ನನ್ನ ತಂಗಿಗೂ ಗೊತ್ತಿತ್ತು. ಹಂದಿ ಎಂದು ಹಾಡಿದ್ದಕ್ಕೆ ನನಗೆ ಬೇಜಾರಿಲ್ಲ. ತಂಗಿ ಹೇಳಲಿಲ್ಲವಲ್ಲ, ಅದು ಈಗಲೂ ನೋಯುತ್ತದೆ" ಎಂದಳು.

ನಾನು ನಲ್ಲಿ ನಿಲ್ಲಿಸಿದೆ. ಸುಮ್ಮನೆ ಆಕೆಯ ರಾಗದಲ್ಲೇ, ಆಕೆಯ ಉಸಿರನ್ನು ಇದ್ದಲ್ಲೇ ಇಟ್ಟು, ಗುನುಗಿದೆ: "ಕತ್ತಲ ದಾರಿಯಲಿ ಕೈ ಹಿಡಿ..." ಉಸಿರು. "ಬೇಡುವೆ ದೇವಾ."

"ಈಗಲೂ ಬೇಡ ಇದೆಯಲ್ಲ?" ಎಂದಳು.

"ಇದು ಬೇಡುವೆ. ಕೈಯೊಡ್ಡಿ ಕೇಳುತ್ತೇನೆ ಅಂತ. ನಿಜವಾಗಿಯೂ ಬೇರೆ ಪದ."

"ಬೇಡ ಎನ್ನುವುದಕ್ಕೂ ಬೇಕು ಎಂದು ಕೇಳುವುದಕ್ಕೂ ಇಷ್ಟೇ ಅಂತರವೇ? ಈ ಭಾಷೆ ಇಟ್ಟುಕೊಂಡು ನೀವೆಲ್ಲ ಹೇಗೆ ಸಂಸಾರ ಮಾಡುತ್ತೀರಿ?" ಎಂದು ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು.

ಅಷ್ಟರಲ್ಲಿ ಆಲ್ಬರ್ಟ್ ಮೇಲೆ ಬಂದರು. ಹೇಳಿದೆವು. ಅವರು ಒಂದು ಸಲ ಹಾಡಿಕೊಂಡರು, ಕೇಳಿಸಿತು, ಮುಖ ಸಣ್ಣದಾಯಿತು. ತಮ್ಮ ಸಾಲಿನಲ್ಲಿ ಒಂದು ದೀರ್ಘವನ್ನೂ ಯಾರಿಂದಲೂ ಮುಟ್ಟಿಸಿಕೊಳ್ಳದ ಮನುಷ್ಯ. ಆಮೇಲೆ ನನ್ನ ಕಡೆ ತಿರುಗಿ, "ವೆರೋ, ನಿಂಗೆ ಯಾವಾಗ ಗೊತ್ತಾಯ್ತು ಇದು?" ಎಂದರು.

ನಾನು ಬಾಯಿ ತೆರೆದೆ. ನನಗಿಂತ ಮೊದಲೇ ಎಲಿನೆಡ್ ಹೇಳಿಬಿಟ್ಟಳು: "ಈಗ ತಾನೇ. ನಾನು ಕೇಳಿದ ಮೇಲೆ."

ಆಕೆಗೆ ಎಲ್ಲ ತಿಳಿದಿತ್ತು, ಅಕ್ಕ. ತಿಳಿದೇ ನನ್ನನ್ನು ಕಾಪಾಡಿದಳು. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು! ಈಗ ಆಕೆಯ ಒಳ್ಳೆಯತನದ ಮೇಲೂ ಹೊಟ್ಟೆಕಿಚ್ಚು.

ವೆರೋನಿಕಾ


ಕಾರ್ಮೆಲ್ ಮಠ, ಮಂಗಳೂರು
ಏಪ್ರಿಲ್ 8

ನನ್ನ ವೆರೋನಿಕಾ,

ಎರಡು ಪತ್ರ ಒಟ್ಟಿಗೆ ಸಿಕ್ಕಿತು. ಮೊದಲನೆಯದನ್ನು ಓದಿ ನಿನ್ನ ಕಿವಿ ಹಿಂಡಬೇಕು ಎನಿಸಿತು. ಎರಡನೆಯದನ್ನು ಓದಿ, ಹೋಗಲಿ ಎಂದು ಬಿಟ್ಟೆ. ನಮ್ಮಲ್ಲಿ ಮಾತಾಡಲು ಬಿಡುವ ಹೊತ್ತಿನಲ್ಲಿ ಸಿಸ್ಟರುಗಳಿಗೆ 'ಬೇಡ ದೇವರೇ' ಹಾಡಿ ತೋರಿಸಿದೆ. ಮದರ್ ಕಣ್ಣೊರೆಸಿಕೊಂಡು ನಕ್ಕರು. ಹಾಗೆ ಹಾಡಿಕೊಂಡಿದ್ದರೆ ನಾವು ಯಾರೂ ಇಲ್ಲಿಗೆ ಬರುತ್ತಿರಲಿಲ್ಲ ಎಂದರು.

ನಿನಗೆ ಗೊತ್ತಿರಲಿ, ನನಗೂ ಹೊಟ್ಟೆಕಿಚ್ಚಿದೆ. ನಿನ್ನ ಮೇಲೆ. ಒಂದು ಪದಕ್ಕಾಗಿ ಒಬ್ಬರ ಮುಖ ಸಣ್ಣದಾಗುವುದನ್ನು ನೋಡುವಷ್ಟು ಹತ್ತಿರ ನಿಂತಿದ್ದೀಯಲ್ಲ, ಅದಕ್ಕೆ. ನಾನು ಆರಿಸಿಕೊಂಡ ಬದುಕಿನ ಬಗ್ಗೆ ಬೇಸರವಿಲ್ಲ. ಆದರೂ ಆ ಅಡುಗೆಮನೆಯ ಭಾಗವನ್ನು ಮತ್ತೆ ಮತ್ತೆ ಓದಿದೆ.

ಆಲ್ಬರ್ಟ್ ಅವರಿಗೆ ನಿಜ ಹೇಳು. ಎಲಿನೆಡ್ ಹೇಳಿದ ಸುಳ್ಳು ಆಕೆಯದು. ಅದನ್ನು ನೀನು ಇಟ್ಟುಕೊಳ್ಳಬೇಡ.

ಪುನರುತ್ಥಾನದ ಸಂತೋಷ ನಿನ್ನ ಮನೆಗೂ ಬರಲಿ.

ಜೂಲಿಯೆಟ್


ಓಲ್ಡ್ ಏರ್‌ಪೋರ್ಟ್, ದೋಹಾ
ಮೇ 22

ಅಕ್ಕ,

ಹಾಡು ಆಯಿತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ನಿಲ್ಲಲು ಜಾಗವಿರಲಿಲ್ಲ. 'ಬೇಡುವೆ ದೇವಾ' ಎಂದು ಎತ್ತಿದಾಗ ಬಿಷಪರು ತಲೆ ಎತ್ತಿ ನೋಡಿದರು. ಸಾಹಿತ್ಯ ಆಲ್ಬರ್ಟ್, ರಾಗ ಎಲಿನೆಡ್ ಎಂದು ಮೈಕಿನಲ್ಲಿ ಹೇಳಿದರು. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಉರಿಯಿತು.

ಎಲಿನೆಡ್ ಜೂನ್‌ನಲ್ಲಿ ಊರಿಗೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಶಾಲೆಯವರು ವಯಸ್ಸಾಯಿತು ಎಂದರಂತೆ. ಹೋದ ವಾರ ಕ್ಲಿನಿಕ್ಕಿಗೆ ಬಂದು, ಟೋಕನ್ ತೆಗೆದುಕೊಂಡು, ತನ್ನ ಸರದಿ ಬಂದಾಗ ನನ್ನ ಮುಂದೆ ನಿಂತಳು. ಕಾಯಿಲೆ ಏನೂ ಇರಲಿಲ್ಲ. ತಾನು ಹೊಸದಾಗಿ ಬರೆದ ವೆಲ್ಶ್ ಪದ್ಯವನ್ನು ನನ್ನ ಫೋನಿಗೆ ಓದಿ ಹಾಕಿದಳು, ಅರ್ಥವನ್ನು ಸಾಲು ಸಾಲಾಗಿ ಬಿಡಿಸಿ ಹೇಳಿದಳು. "ಇದಕ್ಕೆ ನಿನ್ನ ರಾಗ ಬೇಕು. ಪದ ಎಲ್ಲಿ ಮುರಿಯುತ್ತದೆ ಎಂದು ಕೇಳಿಸುವವರು ನನಗೆ ಬೇರೆ ಯಾರೂ ಸಿಕ್ಕಿಲ್ಲ" ಎಂದಳು. ಹಿಂದೆ ಕ್ಯೂನಲ್ಲಿ ನಿಂತವರು ಯಲ್ಲಾ ಯಲ್ಲಾ, ಬೇಗ ಬೇಗ ಎನ್ನುತ್ತಿದ್ದರು. ಸರಿ ಎಂದೆ.

ಈ ಪದ್ಯದ ವಿಷಯ ಆಲ್ಬರ್ಟ್‌ಗೆ ಹೇಳಲಿಲ್ಲ. ಯಾಕೆ ಎಂದು ನೀನು ಕೇಳಬೇಡ, ನಿನಗೆ ಗೊತ್ತು.

ನಿನ್ನೆ ಸಂಜೆ ಬಂಗುಡೆ ಕೊಯ್ಯುತ್ತಾ ಅದನ್ನೇ ಗುನುಗುತ್ತಿದ್ದೆ. ಆಲ್ಬರ್ಟ್ ಬಾಗಿಲಿಗೆ ಬಂದು ನಿಂತರು.

"ಅದೆಂಥ ಹಾಡು?"

"ಎಲಿನೆಡ್‌ದು. ರಾಗ ನನ್ನದು."

"ನಿಂಗೆ ಕೊಟ್ಟದ್ದಾ? ಯಾವಾಗ? ನಂಗೆ ಒಂದು ಮಾತು ಹೇಳ್ಲಿಲ್ಲ ಅವ್ರು."

ಇಷ್ಟು ವರ್ಷಗಳಲ್ಲಿ ಅವರು ಬರೆಯದ ಮಾತಿಗೆ ನಾನು ರಾಗ ಹಾಕಿದ್ದು ಅದೇ ಮೊದಲು. ಅವರ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು, ಅಕ್ಕ. ಅಕ್ಟೋಬರಿನಿಂದ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದೇನೆ.

ಚೂರಿ ಕೆಳಗಿಟ್ಟು ಹೇಳಿಬಿಟ್ಟೆ. ಆ ತಪ್ಪು ನನಗೆ ಮೊದಲೇ ಕೇಳಿಸಿತ್ತು, ಎಲಿನೆಡ್ ಕೇಳುವುದಕ್ಕೂ ಎಷ್ಟೋ ಮೊದಲು, ಗೊತ್ತಿದ್ದೇ ಸುಮ್ಮನಿದ್ದೆ.

"ಜನ ನನ್ನನ್ನು ನೋಡಿ ನಗಾಡ್ಲಿ ಅಂತಲಾ?"

"ಹೌದು."

ಅವರು ಸ್ಟೂಲ್ ಎಳೆದುಕೊಂಡು ಕೂತರು. ನಾನು ಮೀನು ತೊಳೆಯುತ್ತಾ ನಿಂತೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ.

"ಅಷ್ಟು ಉರೀತಿತ್ತಾ ನಿಂಗೆ?"

"ಈಗ್ಲೂ ಉರೀತದೆ."

ಆಮೇಲೆ ನನ್ನ ಮುಖ ನೋಡದೆ, ನೆಲ ನೋಡುತ್ತಾ, "ನಂಗೂ" ಎಂದರು.

ನಿನ್ನ ತಂಗಿ,
ವೆರೋನಿಕಾ